ನೇರಳೆ ಬಣ್ಣದ ತೇಪೆ

"ಮಗುವಿನ ಎದೆ ತೆರೆದಾಗಿದೆ ಮೇಡಂ. ತೇಪೆ ಎಲ್ಲಿ?"

ಫೋನಿನಲ್ಲಿ ಸರ್ಜನ್ನರ ದನಿ ತಣ್ಣಗಿತ್ತು. ಅವರ ಹಿಂದೆ ಯಾವುದೋ ಯಂತ್ರ ಒಂದೇ ಸಮನೆ ಉಸಿರು ಬಿಡುತ್ತಿತ್ತು.

"ಅಚ್ಚಿನಿಂದ ಎತ್ತೋಕೆ ಕೂತಿದಾರೆ. ಎತ್ತಿದ ತಕ್ಷಣ ನಮ್ಮ ದಫೇದಾರರೇ ತರ್ತಾರೆ," ಎಂದಳು ಇನ್ಸ್‌ಪೆಕ್ಟರ್.

"ಹೋದ ಸಲದ ಹಾಗೆ ಏನೂ ಆಗಲ್ಲ ತಾನೆ?"

"ಏನೂ ಆಗಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು! ಅವಳು ಫೋನನ್ನು ಜೇಬಿಗೆ ಹಾಕಿದಳು.

ಹೋದ ಸಲ ಎಂದರೆ ಈ ಮಗುವಿನ ತಾಯಿ. ಈ ಲ್ಯಾಬಿನಲ್ಲಿ ಬೆಳೆಸಿದ ತೇಪೆಯನ್ನು ಹೃದಯಕ್ಕೆ ಹೊಲಿಸಿಕೊಂಡ ಆಕೆ ಆಪರೇಷನ್ ಟೇಬಲ್ಲಿನಿಂದ ಏಳಲೇ ಇಲ್ಲ. ತೇಪೆ ಬದಲಾಯಿಸಿ ಹೆಂಡತಿಯನ್ನು ಕೊಂದನೆಂದು ಗಂಡನನ್ನು ಲಾಕಪ್ಪಿಗೆ ತಳ್ಳಿದವಳು ಇದೇ ಇನ್ಸ್‌ಪೆಕ್ಟರ್. ಅವನಲ್ಲ ಎಂದು ಅವಳಿಗೆ ಗೊತ್ತಾದದ್ದು ನಿನ್ನೆ ಸಂಜೆ.

ಯಾರು ಎಂದೂ ಗೊತ್ತಾಗಿತ್ತು. ಅವರು ಗಾಜಿನ ಬಾಗಿಲಿನಾಚೆ, ಉಕ್ಕಿನ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಲ್ಯಾಬಿಗೆಲ್ಲ ಡಾಕ್ಟರಮ್ಮ. ಸತ್ತವಳಿಗೆ ಒಡಹುಟ್ಟಿದ ತಂಗಿ. ಎದೆ ತೆರೆಸಿಕೊಂಡು ಮಲಗಿರುವ ಗುಬ್ಬಿಗೆ ಚಿಕ್ಕಮ್ಮ.

ಒಳಗೆ ಹೋಗುವ ಮುನ್ನ ಇನ್ಸ್‌ಪೆಕ್ಟರ್ ದಫೇದಾರನ ತೋಳು ಹಿಡಿದು ನಿಲ್ಲಿಸಿದಳು.

"ಅವರು ತೇಪೆ ಎತ್ತಿ, ಅದರ ಅಂಚಿಗೆ ಕತ್ತರಿ ಹಾಕಿ, ಡಬ್ಬಿಗೆ ಇಡೋವರೆಗೂ ನಾನು ಕೇಸಿನ ಬಗ್ಗೆ ಒಂದು ಮಾತೂ ಆಡಬಾರದು. ಆಡಿದ್ರೆ ಕಾಲು ತುಳೀರಿ."

"ಬೂಟುಗಾಲಲ್ಲಾ ಮೇಡಂ?"

"ಬೂಟುಗಾಲಲ್ಲೇ."

"ಮೇಲಧಿಕಾರಿಗಳ ಕಾಲಿಗೆ ಬಿದ್ದು ಅಭ್ಯಾಸ ಇದೆ ಮೇಡಂ. ತುಳಿಯೋ ಯೋಗ ಇದೇ ಮೊದಲು," ಎಂದ ದಫೇದಾರ, ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಳ್ಳುತ್ತ.

ಅವಳು ನಗಲಿಲ್ಲ. ಇಲಾಖೆಯಲ್ಲಿ ಅವಳಿಗೆ ಸೂಜಿ ಎಂದು ಅಡ್ಡಹೆಸರು. ಹಿಡಿದ ಕಳ್ಳನನ್ನು ಸುಮ್ಮನೆ ಕರೆದೊಯ್ಯುವುದು ಅವಳಿಂದ ಆಗದು. ಎಲ್ಲಿ ಎಡವಿದೆ, ನಾನು ಹೇಗೆ ಕಂಡುಹಿಡಿದೆ ಎಂದು ಅವನ ಮುಖಕ್ಕೆ ಹೇಳಿ, ಆ ಮುಖ ಬಿಳುಚುವುದನ್ನು ನೋಡಬೇಕು. ಅದು ಅವಳ ಚಟ.

ಇಬ್ಬರೂ ಒಳಗೆ ಹೋದರು.

ಡಾಕ್ಟರಮ್ಮನ ಮುಂದೆ ಗಾಜಿನ ಗೂಡು. ಅದರೊಳಗೆ ಒಂದು ತಟ್ಟೆ, ತಟ್ಟೆಯ ಅಚ್ಚಿನಲ್ಲಿ ತೇಪೆ. ಅಂಗೈ ನಡುವಿನಷ್ಟು ಅಗಲ, ಗುಂಡಗೆ, ಮೆತ್ತಗೆ. ಹೈಡ್ರೋಜೆಲ್ ಎನ್ನುವ ನೀರುನೀರಾದ ಅಂಟಿನಲ್ಲಿ ಗುಬ್ಬಿಯದೇ ಜೀವಕೋಶಗಳನ್ನು ಬಿತ್ತಿ, ಹೃದಯದ ಮಾಂಸವಾಗುವಂತೆ ಬೆಳೆಸಿದ್ದರು. ಅದರ ತುಂಬ ಕಣ್ಣಿಗೆ ಕಾಣದ ಚಿನ್ನದ ನ್ಯಾನೋ ಕಣಗಳು. ಚಿನ್ನ ಅಷ್ಟು ಸಣ್ಣದಾದಾಗ ಹಳದಿಯಾಗಿರುವುದಿಲ್ಲ, ದಾಳಿಂಬೆ ಕಾಳಿನಂತೆ ಕೆಂಪಾಗಿರುತ್ತದೆ.

ಅದು ಮಿಡಿಯುತ್ತಿತ್ತು. ಸುತ್ತ ಮೈಯಿಲ್ಲ, ರಕ್ತವಿಲ್ಲ. ಆದರೂ ನಿದ್ದೆಯಲ್ಲಿರುವ ಕೂಸಿನ ನೆತ್ತಿಯಂತೆ ಏಳುತ್ತಿತ್ತು, ಇಳಿಯುತ್ತಿತ್ತು.

ಕೆಲವು ದಿನಗಳಿಂದ ಇದನ್ನು ಕಾದವನು ದಫೇದಾರ. ಒಲೆಯ ಮೇಲಿನ ಹಾಲು ಕಾಯುವವರ ಹಾಗೆ ಕಣ್ಣು ಕೀಳದೆ ಕಾದಿದ್ದ. ಚಿನ್ನ ಯಾಕೆ ಎಂದು ಯಾರಾದರೂ ಕೇಳಿದರೆ ಈಗ ಅವನೇ ಪಾಠ ಹೇಳುತ್ತಿದ್ದ: "ಒಂದು ಕೋಶ ಡಬ್ ಅಂದಿದ್ದು ಪಕ್ಕದ್ದಕ್ಕೆ ಕೇಳಿಸಬೇಕಲ್ಲ. ಬರೀ ಜೆಲ್ಲಿನಲ್ಲಿ ಕೇಳಿಸಲ್ಲ. ಚಿನ್ನ ಸುದ್ದಿ ಮುಟ್ಟಿಸುತ್ತೆ. ಆಗ ಎಲ್ಲಾ ಒಟ್ಟಿಗೆ ಡಬ್ ಅಂತಾವೆ."

ದಫೇದಾರ ಮೊಬೈಲ್ ಎತ್ತಿ ಹಿಡಿದ.

"ವಿಡಿಯೋ ಯಾಕೆ?" ಡಾಕ್ಟರಮ್ಮ ತಲೆಯೆತ್ತದೆ ಕೇಳಿದರು.

"ಹೋದ ಸಲ ತೇಪೆ ಬದಲಾಯ್ತಲ್ಲ ಡಾಕ್ಟ್ರೇ. ಈ ಸಲ ನಿಮ್ಮ ಕೈಯಿಂದ ಸರ್ಜನ್ ಕೈವರೆಗೆ ಎಲ್ಲಾ ದಾಖಲಾಗಲಿ," ಎಂದಳು ಇನ್ಸ್‌ಪೆಕ್ಟರ್.

"ಒಳ್ಳೇದು."

"ಇದನ್ನ ಎತ್ತೋಕೆ ಬೇರೆ ಯಾರಿಗೂ ಬರಲ್ವಾ?"

"ಬರಲ್ಲ. ಹಂದಿಗಳ ಮೇಲೆ ಪ್ರಯೋಗ ಮಾಡ್ತಿದ್ದ ಕಾಲದಿಂದಲೂ ಪ್ರತಿಯೊಂದನ್ನೂ ನಾನೇ ಎತ್ತಿದೀನಿ. ಬೇರೆ ಕೈ ಮುಟ್ಟಿದ್ರೆ ಹರಿಯುತ್ತೆ."

ಮೊಬೈಲು ಆ ಮಾತನ್ನೂ ನುಂಗಿತು. ಇನ್ಸ್‌ಪೆಕ್ಟರಳಿಗೆ ಒಳಗೊಳಗೇ ಖುಷಿಯಾಯಿತು. ಇನ್ನು ಉಳಿದದ್ದು ಕತ್ತರಿ ಮಾತ್ರ.

ಅವಳ ಹೆಗಲಿನ ಚೀಲದಲ್ಲಿ ಒಂದು ಬಾಟಲಿಯಿತ್ತು. ಅದರ ದ್ರವದಲ್ಲಿ, ಸತ್ತವಳ ಹೃದಯದಿಂದ ಬಿಡಿಸಿ ತೆಗೆದ ತೇಪೆ. ಅದರ ಬಣ್ಣ ಕೆಂಪಲ್ಲ, ನೇರಳೆ.

ಡಾಕ್ಟರಮ್ಮ ಚಪ್ಪಟೆ ಚಮಚದಂಥ ಒಂದು ಉಪಕರಣವನ್ನು ಅಚ್ಚಿನ ಅಂಚಿಗೆ ಇಳಿಸಿದರು. ಅವರ ಕೈ ಬೆಣ್ಣೆಯಿಂದ ಕೂದಲು ಎಳೆಯುವಷ್ಟು ಹಗುರವಾಗಿತ್ತು.

"ನಿನ್ನೆ ಗುಬ್ಬಿ ಒಂದು ಮಾತು ಕೇಳಿದ್ಲು," ಎಂದರು, ಕೈಗೆ ಬಿಡುವು ಕೊಡದೆ. "ಚಿಕ್ಕಮ್ಮ, ಅಪ್ಪನ್ನ ನೇಣಿಗೆ ಹಾಕ್ತಾರಾ ಅಂತ."

ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿದಳು.

"ಹಾಕಲಿ ಅಂತ ಬೇಡ್ಕೋ ಅಂದೆ. ಪಾಪ, ಕಣ್ಣು ಮುಚ್ಚಿ ಬೇಡಿಕೊಂಡ್ಲು. ನನ್ನೆದುರಿಗೇ."

ದಫೇದಾರ ಮೊಬೈಲನ್ನು ಇನ್ನೊಂದು ಕೈಗೆ ಬದಲಾಯಿಸಿದ.

ಲಾಕಪ್ಪಿನಲ್ಲಿದ್ದ ಆ ಮನುಷ್ಯ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಮಗಳನ್ನು ಒಂದು ಸಲ ತೋರಿಸಿ ಎಂದು ಕಂಬಿಗೆ ಹಣೆ ಚಚ್ಚಿಕೊಂಡಿದ್ದ. ಮಗಳೇ ನಿನ್ನನ್ನು ನೋಡಲು ಒಲ್ಲೆ ಎಂದಳು ಎಂಬ ಸುದ್ದಿಯನ್ನು ಅವನಿಗೆ ತಿಳಿಸಿದ್ದು ಇನ್ಸ್‌ಪೆಕ್ಟರಳೇ. ಆಮೇಲೆ ಅವನು ಅನ್ನ ಬಿಟ್ಟಿದ್ದ.

"ಭಾವ ಮೊದಲಿಂದಲೂ ಹಾಗೇ," ಡಾಕ್ಟರಮ್ಮ ಮುಂದುವರಿಸಿದರು. "ಮೈಗೆ ಗ್ರೀಸು, ತಲೆಗೆ ಮಣ್ಣು. ಅಕ್ಕ ಅವನಲ್ಲಿ ಏನು ಕಂಡಳೋ."

"ಆ ಮಣ್ಣು ತಲೆಗೆ ತೇಪೆ ಮಾಡೋದನ್ನ ಕಲಿಸಿದವರು ಯಾರು ಡಾಕ್ಟ್ರೇ?"

ಬೂಟು ಕಾಲ ಮೇಲೆ ಬಿತ್ತು. ಇನ್ಸ್‌ಪೆಕ್ಟರ್ ಕಾಲು ಎಳೆದುಕೊಂಡಳು.

"ನಾನೇ. ಹೆಂಡತಿ ಎದೆಗೆ ಏನು ಹೊಲೀತಾರೋ ನೋಡ್ಬೇಕು ಅಂದ. ಒಂದೆರಡು ದಿನ ಪಕ್ಕದಲ್ಲಿ ಕೂರಿಸಿಕೊಂಡೆ."

"ಕೋಶಗಳಿಗೆ ಹಾಕೋ ತಿನಿಸಿನ ನೀರು ಮೊದಲು, ಚಿನ್ನ ಆಮೇಲೆ ಅಂತ ಕಲಿಸಿದ್ರಂತೆ."

ತೇಪೆ ಅಚ್ಚಿನಿಂದ ಅರ್ಧ ಬಿಟ್ಟುಕೊಂಡಿತ್ತು. ಡಾಕ್ಟರಮ್ಮನ ಕೈ ನಿಲ್ಲಲಿಲ್ಲ.

"ಹಾಗೆ ಕಲಿಸೋಕೆ ನನಗೇನು ಹುಚ್ಚಾ? ಚಿನ್ನ ಮೊದಲು ಜೆಲ್ಲಿನಲ್ಲಿ ಕೂರಬೇಕು. ತಿನಿಸಿನ ನೀರಿನಲ್ಲಿ ಉಪ್ಪಿರುತ್ತೆ. ಅದು ಮೊದಲು ಹೋದ್ರೆ ಚಿನ್ನ ಗಂಟುಕಟ್ಟಿ ನೇರಳೆ ಬಣ್ಣಕ್ಕೆ ತಿರುಗುತ್ತೆ. ಒಂದೊಂದು ತುಣುಕು ಒಂದೊಂದು ತಾಳ ಹೊಡೆಯುತ್ತೆ. ಅಕ್ಕನ ಹೃದಯ ಪಾಪ, ಯಾವ ತಾಳಕ್ಕೆ ಅಂತ ಕುಣಿಯಬೇಕಿತ್ತು?"

ಸಾವಿನ ಮಾತನ್ನು ಅಡುಗೆ ಕೆಟ್ಟ ಮಾತಿನ ಹಾಗೆ ಆಡಿದರು.

"ಅದಕ್ಕೇ ಅಲ್ವಾ," ಎಂದು ಸೇರಿಸಿದರು, "ಅವನ ಬೀರುವಿನಲ್ಲಿ ಅವನೇ ಮಾಡಿಟ್ಟ ನೇರಳೆ ತೇಪೆಗಳು ಸಿಕ್ಕ ತಕ್ಷಣ ನೀವು ಕೋಳ ಹಾಕಿದ್ದು? ಡಬ್ಬಿ ಹೊತ್ತು ಆಪರೇಷನ್ ಥಿಯೇಟರಿಗೆ ಹೋದವನೂ ಅವನೇ. ಎಷ್ಟು ಚುರುಕು ನೀವು, ಪೇಪರಿನಲ್ಲೆಲ್ಲಾ ಬಂತು."

ಆ ಮಾತು ನಾಟಿತು. ದಫೇದಾರ ಮತ್ತೊಮ್ಮೆ ತುಳಿದ, ಈ ಸಲ ಜೋರಾಗಿ. ಇನ್ಸ್‌ಪೆಕ್ಟರಳ ಕಣ್ಣಲ್ಲಿ ನೀರು ಬಂತು. ಆದರೆ ಬಾಯಿ ಆಗಲೇ ಹೊರಟುಬಿಟ್ಟಿತ್ತು.

"ಅವನ ಬೀರುವಿನಲ್ಲಿದ್ದವೂ ನೇರಳೆ, ನಿಮ್ಮ ಅಕ್ಕನ ಎದೆಯಲ್ಲಿದ್ದದ್ದೂ ನೇರಳೆ. ನಾನು ಬಣ್ಣ ನೋಡಿ ಮೋಸ ಹೋದೆ. ಆಕಾರ ನೋಡಲಿಲ್ಲ."

ಡಾಕ್ಟರಮ್ಮ ತೇಪೆಯನ್ನು ಪೂರ್ತಿ ಎತ್ತಿ ಬಿಳಿ ತಟ್ಟೆಗೆ ಇಳಿಸಿದರು. ಅದು ಅಲ್ಲೂ ಮಿಡಿಯಿತು. ಅವರ ಬಲಗೈ ತನ್ನ ಪಾಡಿಗೆ ಪುಟ್ಟ ಕತ್ತರಿಯನ್ನು ತೆಗೆದುಕೊಂಡು ತೇಪೆಯ ಅಂಚಿನ ಬಳಿ ಬಂತು.

ಇನ್ನೊಂದು ಉಸಿರು ತಡೆದಿದ್ದರೆ ಸಾಕಿತ್ತು.

"ಅವನು ಮಾಡಿದವೆಲ್ಲಾ ಪೂರಾ ಗುಂಡಗಿವೆ," ಎಂದಳು ಇನ್ಸ್‌ಪೆಕ್ಟರ್. ಚೀಲದಿಂದ ಬಾಟಲಿ ತೆಗೆದು ಗಾಜಿನ ಗೂಡಿಗೆ ಟಕ್ ಎಂದು ತಾಗಿಸಿದಳು. "ಕೊಂದಿದ್ದು ಇದು. ಇದರ ಅಂಚಿನಲ್ಲಿ ನೋಡಿ, ಇಲಿ ಕಡಿದಷ್ಟು ಒಂದು ಓರೆ ಕಚ್ಚು."

ಕತ್ತರಿ ನಿಂತಿತು.

"ನಿಮ್ಮ ಕಪಾಟಿನಲ್ಲಿರೋ ಹಂದಿ ತೇಪೆಗಳಲ್ಲೂ ಅದೇ ಕಚ್ಚು ಕಂಡೆ. ನಿನ್ನೆ ಸರ್ಜನ್ನರನ್ನ ಕೇಳಿದೆ. ಯಾವ ಬದಿ ಹೃದಯಕ್ಕೆ, ಯಾವ ಬದಿ ಪಕ್ಕೆಲುಬಿನ ಕಡೆಗೆ ಅನ್ನೋದನ್ನ ಆ ಕಚ್ಚಿನ ಓರೆ ಹೇಳುತ್ತೆ ಅಂದ್ರು. ಕಚ್ಚಿಲ್ಲದ ತೇಪೆ ಬಂದ್ರೆ ಹೊಲಿಯೋದೇ ಇಲ್ಲ ಅಂದ್ರು. ಭಾವನಿಗೆ ನೀವು ಎಲ್ಲಾ ತಪ್ಪಾಗಿ ಕಲಿಸಿದ್ರಿ. ಕಚ್ಚಿನ ಸುದ್ದಿ ಮಾತ್ರ ಎತ್ತಲೇ ಇಲ್ಲ. ಅವನ ತೇಪೆ ಯಾರೂ ಹೊಲಿಯೋ ಹಾಗಿರಲಿಲ್ಲ. ಅದಕ್ಕೇ ಅವನ ತಪ್ಪನ್ನ ನಿಮ್ಮ ಕೈಯಿಂದ ಮಾಡಿ, ನೀವೇ ಕಚ್ಚು ಹಾಕಿ, ಡಬ್ಬಿಗಿಟ್ರಿ. ರಕ್ತ ಅಂಟಿದ ಮೇಲೆ ಥಿಯೇಟರಿನಲ್ಲಿ ಎಲ್ಲವೂ ಕೆಂಪೇ."

ಹೇಳಿ ಮುಗಿಸಿ ಅವಳು ಕಾದಳು, ಆ ಮುಖ ಬಿಳುಚುವುದಕ್ಕೆ.

ಮುಖ ಬಿಳುಚಲಿಲ್ಲ. ಡಾಕ್ಟರಮ್ಮ ಕತ್ತರಿಯನ್ನು ನೋಡಿದರು, ಬಾಟಲಿಯನ್ನು ನೋಡಿದರು, ತಟ್ಟೆಯಲ್ಲಿ ಗುಂಡಗೆ ಮಿಡಿಯುತ್ತಿದ್ದ ತೇಪೆಯನ್ನು ನೋಡಿದರು. ಆಮೇಲೆ ಕತ್ತರಿಯನ್ನು ಸದ್ದಾಗದಂತೆ ಕೆಳಗಿಟ್ಟರು.

"ಕಚ್ಚು ಹಾಕೋವರೆಗಾದ್ರೂ ತಡಕೋಬಾರದಿತ್ತಾ ಮೇಡಂ?" ಎಂದರು. ದನಿಯಲ್ಲಿ ಕನಿಕರವಿತ್ತು. "ಆಡೋ ಚಪಲ ಅಷ್ಟೊಂದಾ?"

ಇನ್ಸ್‌ಪೆಕ್ಟರಳ ಬೆನ್ನ ಮೇಲೆ ಹಲ್ಲಿ ಹರಿದಂತಾಯಿತು.

ಪಕ್ಕದಲ್ಲೇ ಗಾಜಿನ ಬೋಗುಣಿಯಲ್ಲಿ ತೊಳೆಯುವ ದ್ರವವಿತ್ತು. ಡಾಕ್ಟರಮ್ಮ ತೇಪೆಯನ್ನು ಅದರೊಳಗೆ ಜಾರಿಸಿದರು. ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕಿ ತೊಳೆಯುವಂತೆ ಮೆಲ್ಲಗೆ ತಿರುಗಿಸಿದರು. ತೇಪೆ ಮುಳುಗಿತು, ಮಗುಚಿತು, ತೇಲಿತು, ಮತ್ತೆ ಮಗುಚಿತು. ಸುಳಿಯಲ್ಲಿ ಅದು ಬರಿಯ ಕೆಂಪು ಎಲೆಯಾಗಿ ತಿರುಗಿತು.

"ಏನ್ ಮಾಡ್ತಿದೀರಿ? ನಿಲ್ಲಿಸಿ!"

"ನಿಲ್ಲಿಸ್ತೀನಿ. ಮೊದಲು ನಿಮ್ಮ ದಫೇದಾರರು ಆ ಮೊಬೈಲು ಆರಿಸಲಿ."

ಇನ್ಸ್‌ಪೆಕ್ಟರ್ ಕತ್ತು ಆಡಿಸಿದಳು. ದಫೇದಾರ ಆರಿಸಿದ.

"ಅಲ್ಲಿ ಮೇಜಿನ ಮೇಲಿಡಿ. ಹಾಂ."

ಬೋಗುಣಿ ನಿಂತಿತು. ತೇಪೆ ಗುಂಡಗೆ, ನುಣ್ಣಗೆ, ಎತ್ತಲಿಂದ ನೋಡಿದರೂ ಒಂದೇ ಥರ ಮಿಡಿಯುತ್ತ ತೇಲುತ್ತಿತ್ತು.

"ಈಗ ಕೇಳಿ. ಇದಕ್ಕೆ ಎರಡು ಬದಿ. ಒಂದು ಹೃದಯವನ್ನ ಕಚ್ಚಿ ಹಿಡಿಯುತ್ತೆ. ಇನ್ನೊಂದು ಏನಕ್ಕೂ ಅಂಟಲ್ಲ, ಯಾಕಂದ್ರೆ ಅಂಟಬಾರದು. ತಿರುವುಮುರುವಾಗಿ ಹೊಲಿದ್ರೆ ಪಕ್ಕೆಲುಬಿಗೆ ಅಂಟಿಕೊಳ್ಳುತ್ತೆ. ಗುಬ್ಬಿ ಒಂದೊಂದು ಸಲ ಉಸಿರು ಎಳಕೊಂಡಾಗಲೂ ಹೃದಯವನ್ನ ಹಿಡಿದು ಜಗ್ಗುತ್ತೆ. ತಕ್ಷಣ ಸಾಯಲ್ಲ. ಸ್ವಲ್ಪ ದಿನ ತಗೊಳ್ಳುತ್ತೆ."

"ಸರ್ಜನ್ ನೋಡಿ ಹೇಳ್ತಾರೆ."

"ನೋಡಿದ್ರೆ ಕಾಣಲ್ಲ. ಮುಟ್ಟಿ ತಿಳ್ಕೋಬೇಕು. ಅಭ್ಯಾಸ ಇಲ್ಲದ ಕೈ ಮುಟ್ಟಿ ತಡಕಾಡಿದ್ರೆ ಹರಿಯುತ್ತೆ. ಇನ್ನೊಂದು ಬೆಳೆಸೋಣ ಅಂದ್ರೆ ತಿಂಗಳುಗಳು ಬೇಕು. ಅವಳ ಹತ್ರ ಅಷ್ಟಿಲ್ಲ."

"ನೀವು ಹಾಗೆ ಮಾಡಲ್ಲ," ಎಂದಳು ಇನ್ಸ್‌ಪೆಕ್ಟರ್. ತನ್ನ ದನಿ ತನಗೇ ಅಪರಿಚಿತವೆನಿಸಿತು. "ಅಕ್ಕನನ್ನ ಕೊಂದಿದ್ದೇ ಈ ಮಗುವಿಗೋಸ್ಕರ. ನನಗೆ ಗೊತ್ತು. ಗುಬ್ಬಿಯ ಆಪರೇಷನ್ನಿಗೆ ನಿಮ್ಮ ಅಕ್ಕ ಸಹಿ ಹಾಕಲಿಲ್ಲ."

ಮೊದಲ ಬಾರಿಗೆ ಡಾಕ್ಟರಮ್ಮನ ಕಣ್ಣು ಅತ್ತಿತ್ತ ಸರಿದವು.

"ಅಮ್ಮನ ಕಾಯಿಲೆ ಮಗಳಿಗೂ ಬಂತು. ಆದ್ರೆ ಮಗಳಲ್ಲಿ ಓಡುತ್ತಾ ಬಂತು. ಇಬ್ಬರಿಗೂ ಒಟ್ಟಿಗೆ ಹಾಕ್ತೀನಿ ಅಂದೆ. ಅಕ್ಕ ಏನಂದ್ಲು ಗೊತ್ತಾ? ನಾನು ಒಂದು ವರ್ಷ ಹೊತ್ತು ನೋಡದೆ ಇರೋದನ್ನ ನನ್ನ ಮಗಳ ಎದೆಗೆ ಹಚ್ಚೋಕೆ ಬಿಡಲ್ಲ. ಒಂದು ವರ್ಷ! ಆ ಮಗು ಅಲ್ಲಿವರೆಗೂ ಇರ್ತಿತ್ತಾ? ಹೇಳಿದೆ, ಬೇಡಿದೆ, ಕಾಲು ಹಿಡಿದೆ. ತಾಯಿ ಅನ್ನೋ ಜಂಭ. ಅವಳು ಹೋದ್ರೆ ಭಾವ ಸಹಿ ಹಾಕ್ತಾನೆ. ಹಾಕಿದ. ಆದ್ರೆ ಅವಳು ತೇಪೆಯಿಂದ ಹೋದ್ಲು ಅಂತಾದ್ರೆ ಈ ಲ್ಯಾಬಿಗೆ ಬೀಗ. ಹಾಗಾಗಿ ಅವಳನ್ನ ಯಾರಾದ್ರೂ ಕೊಂದಿರಬೇಕಿತ್ತು. ತೇಪೆ ಗೊತ್ತಿಲ್ಲದ ಯಾರಾದ್ರೂ."

"ಮಗುವಿಗೋಸ್ಕರನಾ, ಲ್ಯಾಬಿಗೋಸ್ಕರನಾ?"

ಡಾಕ್ಟರಮ್ಮ ಬೋಗುಣಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಡಾಕ್ಟರಮ್ಮ," ದಫೇದಾರ ಒಂದು ಹೆಜ್ಜೆ ಮುಂದೆ ಬಂದ. "ಆ ಕೂಸು ನಿಮ್ಮ ಫೋಟೋನ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗ್ತಿತ್ತಮ್ಮ. ಅದಕ್ಕೆ ಹೀಗೆ ಮಾಡಬೇಡಿ."

"ನಾನೇನು ಮಾಡಿದೆ? ಅದರ ಎದೆ ಬಿಚ್ಚಿಸಿದ್ದು ಯಾರು, ನಿಮ್ಮ ಮೇಡಮ್ಮನ್ನ ಕೇಳಿ. ನಾನು ಕೊಲೆಗಾತಿ ಅಂತ ನಿನ್ನೇನೇ ಗೊತ್ತಿತ್ತು. ಆದ್ರೂ ಇವತ್ತು ಬೆಳಿಗ್ಗೆ ಮಗುವನ್ನ ಟೇಬಲ್ ಮೇಲೆ ಮಲಗಿಸೋಕೆ ಬಿಟ್ರು. ಯಾಕೆ? ನನ್ನ ಕೈ ಕಚ್ಚು ಹಾಕೋದು ವಿಡಿಯೋದಲ್ಲಿ ಬೇಕಿತ್ತು. ಅಲ್ವಾ ಮೇಡಂ?"

ಇಷ್ಟು ವರ್ಷ ಬೇರೆಯವರಿಗೆ ಚುಚ್ಚಿ ಅಭ್ಯಾಸವಾದವಳಿಗೆ ಚುಚ್ಚಿಸಿಕೊಂಡಾಗ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಜೇಬಿನಲ್ಲಿ ಫೋನ್ ಅದುರಿತು. ಸರ್ಜನ್. ಅವಳು ಎತ್ತಲಿಲ್ಲ. ಅದು ನಿಂತು, ಮತ್ತೆ ಅದುರಿತು.

"ಏನು ಬೇಕು ನಿಮಗೆ?"

"ಆ ಬಾಟಲಿ." ಡಾಕ್ಟರಮ್ಮ ಗೂಡಿನಿಂದ ಎಡಗೈ ಹೊರಗೆ ಚಾಚಿದರು. ನೀಲಿ ಗ್ಲೌಸಿನ ಬೆರಳತುದಿಯಿಂದ ದ್ರವ ತೊಟ್ಟಿಕ್ಕಿತು. "ಅಕ್ಕನ ತೇಪೆ ಅದೊಂದೇ ಇರೋದು. ಮೂಲೆಯಲ್ಲಿರೋ ಆ ಆಸಿಡ್ ಡಬ್ಬಕ್ಕೆ ಹಾಕಿದ್ರೆ ಎರಡು ನಿಮಿಷದಲ್ಲಿ ನೀರು. ನೀವು ಫೋಟೋ ತೆಗೆದಿರಬಹುದು, ಇರಲಿ. ಆ ಕಚ್ಚು ಪೋಸ್ಟ್‌ಮಾರ್ಟಂ ಮಾಡುವಾಗ ಕತ್ತರಿ ತಾಗಿ ಆಗಿದ್ದು ಅಂತ ಹೇಳೋಕೆ ವಕೀಲರಿದಾರೆ. ಬಾಟಲಿ ನೀರಾದ ಮರುಕ್ಷಣ ಇದಕ್ಕೆ ಕಚ್ಚು ಹಾಕಿ ಕೊಡ್ತೀನಿ. ನಿಮ್ಮ ದಫೇದಾರರು ಓಡಲಿ. ಗುಬ್ಬಿ ಬದುಕಲಿ."

"ಅವಳ ಅಪ್ಪ?"

"ಅವನಿಗೆ ಉರುಳು ಹಾಕಿದ್ದು ನೀವು, ನಾನಲ್ಲ. ಮಗಳು ಬದುಕ್ತಾಳೆ ಅಂದ್ರೆ ಅವನೇ ತಲೆ ಒಡ್ಡುತ್ತಾನೆ. ಬೇಕಾದ್ರೆ ಹೋಗಿ ಕೇಳಿ. ಆದ್ರೆ ಅಷ್ಟು ಹೊತ್ತು ಇದು ಈ ನೀರಲ್ಲಿ ಬದುಕಲ್ಲ."

ಹೌದು. ಬೋಗುಣಿಯಲ್ಲಿ ತೇಪೆ ಆಗಲೇ ತಡವರಿಸತೊಡಗಿತ್ತು. ಒಂದು ಬಡಿತ, ಒಂದು ಬಿಡುವು. ಮತ್ತೊಂದು ಬಡಿತ, ಇನ್ನೂ ಉದ್ದದ ಬಿಡುವು.

ಫೋನ್ ಮೂರನೆಯ ಬಾರಿ ಅದುರಿತು.

ಇನ್ಸ್‌ಪೆಕ್ಟರ್ ಬಾಟಲಿಯನ್ನು ನೋಡಿದಳು. ನೇರಳೆ ತುಣುಕು ದ್ರವದಲ್ಲಿ ಹೊರಳಿ ತನ್ನ ಪುಟ್ಟ ಕಚ್ಚನ್ನು ತೋರಿಸಿತು. ಅನ್ನ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದವನ ಬೆನ್ನು ಕಣ್ಣ ಮುಂದೆ ಬಂತು. ಅದರ ಹಿಂದೆಯೇ, ಹಸಿರು ಬಟ್ಟೆಯ ನಡುವೆ ತೆರೆದಿಟ್ಟ ಒಂದು ಪುಟ್ಟ ಎದೆ.

ಅವಳ ಕೈ ಅರ್ಧ ಮುಂದೆ ಹೋಯಿತು.

"ಕೊಟ್ಟ ಮೇಲೆ ನೀವು ಸರಿಯಾದ ಬದಿಗೇ ಕಚ್ಚು ಹಾಕ್ತೀರಿ ಅಂತ ಏನು ಖಾತ್ರಿ?" ಎಂದು ಕೇಳಿದಳು. "ಆ ಮಗು ಉಳಿದ್ರೆ ಒಂದಲ್ಲ ಒಂದು ದಿನ ಅಮ್ಮ ಹೇಗೆ ಸತ್ತಳು ಅಂತ ಕೇಳುತ್ತೆ. ಏನೂ ಆಗಲ್ಲ ತಾನೆ ಅದಕ್ಕೆ?"

ಡಾಕ್ಟರಮ್ಮ ನಕ್ಕರು. ಮುಖಗವಸಿನ ಮೇಲೆ ಕಣ್ಣಷ್ಟೇ ನಕ್ಕವು.

"ಇಂಜೆಕ್ಷನ್ನಿನ ಮತ್ತು ಹತ್ತೋ ಮುಂಚೆ ಅಕ್ಕನೂ ನನ್ನ ಕೈ ಹಿಡಿದು ಇದೇ ಮಾತು ಕೇಳಿದ್ಲು," ಎಂದರು. "ಏನೂ ಆಗಲ್ಲ ಅಂದಿದ್ದೆ."

ಬೋಗುಣಿಯಲ್ಲಿ ತೇಪೆ ಒಂದು ಸಲ ಮಿಡಿದು ನಿಂತಿತು. ಎಲ್ಲರೂ ಅದನ್ನೇ ನೋಡಿದರು. ಅದು ಮತ್ತೆ ಮಿಡಿಯಿತು.

ಆಗ ದಫೇದಾರನ ಬೂಟು ಇನ್ಸ್‌ಪೆಕ್ಟರಳ ಕಾಲನ್ನು ಬಲವಾಗಿ ತುಳಿಯಿತು. ಅವಳು ತಿರುಗಿ ಅವನ ಮುಖ ನೋಡಿದಳು. ಕಣ್ಣು ತುಂಬಿದ್ದವು.

ಕೊಡಬೇಡಿ ಎಂದು ತುಳಿದನೋ, ಬೇಗ ಕೊಡಿ ಎಂದು ತುಳಿದನೋ, ಅವಳಿಗೆ ತಿಳಿಯಲಿಲ್ಲ.